ಐದನೇ ಒಂದು ಪಾಲು

ಸಂಗೀತಗಾರರ ಮ್ಯಾನೇಜರುಗಳು ಕೇಳುವ ಕಮಿಷನ್ ಸಾಮಾನ್ಯವಾಗಿ ಗಳಿಕೆಯ ಶೇ. 15ರಿಂದ 20. ಕೇಳುವಾಗ ಅಷ್ಟೇನೂ ದೊಡ್ಡದೆನಿಸುವುದಿಲ್ಲ. ನೂರರಲ್ಲಿ ಇಪ್ಪತ್ತು ಹೋದರೂ ಎಂಬತ್ತು ನನಗೇ ತಾನೇ, ತಲೆನೋವಂತೂ ತಪ್ಪಿತು ಎಂದು ಸಂಗೀತಗಾರರು ಲೆಕ್ಕ ಹಾಕುತ್ತಾರೆ. ಅದೇ ಲೆಕ್ಕವನ್ನು ತಿರುಗಿಸಿ ಹಾಕಿ ನೋಡಿ. ಇಪ್ಪತ್ತು ಕೊಟ್ಟ ಮೇಲೂ ಮೊದಲಿನ ನೂರೇ ಕೈಯಲ್ಲಿ ಉಳಿಯಬೇಕಾದರೆ ಗಳಿಕೆ 125ಕ್ಕೆ ಏರಬೇಕು. ಅಂದರೆ ಮ್ಯಾನೇಜರ್ ಬಂದ ಮೇಲೆ ವರಮಾನ ಶೇ. 25ರಷ್ಟು ಹೆಚ್ಚಾದರೆ ನೀವು ಇದ್ದಲ್ಲೇ ಇದ್ದೀರಿ. ಅದರ ಮೇಲೆ ಬಂದದ್ದು ಮಾತ್ರ ಲಾಭ. ಇಲ್ಲವೇ ಅವರಿಂದ ಉಳಿದ ಸಮಯಕ್ಕೆ ನೀವು ಅಷ್ಟು ಬೆಲೆ ಕಟ್ಟಿರಬೇಕು.

ಎದುರು ಕೂತವರ ಲೆಕ್ಕವನ್ನು ಮಾತ್ರ ಯಾರೂ ಹಾಕುವುದಿಲ್ಲ. ಮ್ಯಾನೇಜರ್ ಕೂಡ ಬಾಡಿಗೆ ಕಟ್ಟಬೇಕಾದವರೇ. ಶೇ. 20ರಲ್ಲೇ ಅವರ ಸಂಸಾರ ನಡೆಯಬೇಕೆಂದರೆ, ಸಂಗೀತವೊಂದರಿಂದಲೇ ಜೀವನ ಸಾಗಿಸುವಷ್ಟು ದುಡಿಯುವ ಐವರು ಕಲಾವಿದರು ಅವರ ಬಳಿ ಇರಬೇಕು. ನಿಮ್ಮ ಸಂಗೀತದ ವರಮಾನ ಅರ್ಧ ಜೀವನಕ್ಕೆ ಸಾಕಾಗುತ್ತದೆ, ಉಳಿದರ್ಧ ಪಾಠ ಹೇಳುವುದರಿಂದಲೋ ಬೇರೆ ನೌಕರಿಯಿಂದಲೋ ಬರುತ್ತದೆ ಎನ್ನಿ. ಆಗ ನಿಮ್ಮಿಂದ ಅವರಿಗೆ ಸಿಗುವುದು ಅವರ ಜೀವನದ ಹತ್ತನೇ ಒಂದು ಭಾಗ. ವಾರಕ್ಕೆ 40 ಗಂಟೆ ದುಡಿಯುವವರ ಹತ್ತನೇ ಒಂದು ಭಾಗ ಎಂದರೆ 4 ಗಂಟೆ, ಅಂದರೆ ವಾರಕ್ಕೆ ಅರ್ಧ ದಿನ. ಅದಕ್ಕಿಂತ ಹೆಚ್ಚು ಕೊಡುತ್ತಿದ್ದರೆ ಅವರು ನಿಮ್ಮ ನಾಳೆಯ ಮೇಲೆ ಪಣ ಕಟ್ಟಿದ್ದಾರೆ. ಒಳ್ಳೆಯ ಮ್ಯಾನೇಜರುಗಳು ಹಾಗೆ ಕಟ್ಟುವುದುಂಟು. ಎಷ್ಟು ತಿಂಗಳು ಕಟ್ಟಿಯಾರು ಎಂದು ಮೊದಲೇ ಕೇಳಿಕೊಳ್ಳುವುದು ಲೇಸು. ‘ನಮ್ಮ ಮ್ಯಾನೇಜರ್ ಫೋನೇ ಎತ್ತುವುದಿಲ್ಲ’ ಎಂಬ ಗೊಣಗಾಟವನ್ನು ಬಗೆದು ನೋಡಿದರೆ ಎಷ್ಟೋ ಸಲ ಸಿಗುವುದು ಮೋಸವೂ ಅಲ್ಲ, ಸೋಮಾರಿತನವೂ ಅಲ್ಲ, ಈ ಅರ್ಧ ದಿನದ ಗಣಿತ.

ಆದ್ದರಿಂದ ಮೊದಲ ಪ್ರಶ್ನೆಯನ್ನು ಹೀಗೆ ಕೇಳಿಕೊಳ್ಳಬಹುದು: ವಾರಕ್ಕೆ ಅರ್ಧ ದಿನದಲ್ಲಿ ನನಗಿಂತ ಚೆನ್ನಾಗಿ ಬೇರೊಬ್ಬರು ಮಾಡಬಹುದಾದ ಕೆಲಸ ನನ್ನ ಬಳಿ ಇದೆಯೇ?

ಉತ್ತರ ಮನಸ್ಸಿನಿಂದ ಹೊಳೆಯುವುದಿಲ್ಲ, ಬರೆದು ಕಂಡುಕೊಳ್ಳಬೇಕು. ನಾಲ್ಕು ವಾರ ಒಂದು ಪುಸ್ತಕ ಇಟ್ಟುಕೊಳ್ಳಿ. ಹಾಡುವುದು, ನುಡಿಸುವುದು, ಬರೆಯುವುದು ಬಿಟ್ಟು ಸಂಗೀತದ ಹೆಸರಿನಲ್ಲಿ ಕಳೆದ ಪ್ರತಿ ಅರ್ಧ ಗಂಟೆಯೂ ಅದರಲ್ಲಿ ಬರಲಿ: ಆಯೋಜಕರಿಗೆ ಉತ್ತರ, ಬಾಕಿ ಹಣಕ್ಕೆ ಮೂರನೇ ಸಲ ಫೋನು, ಟಿಕೆಟ್ಟು, ಪಕ್ಕವಾದ್ಯದವರ ದಿನಾಂಕ ಹೊಂದಿಸುವುದು, ಪೋಸ್ಟರ್ ತಿದ್ದಿಸುವುದು, ಹೊಸ ಹಾಡಿಗೆ ಐಎಸ್‌ಆರ್‌ಸಿ ಸಂಖ್ಯೆ (ಪ್ರತಿ ಧ್ವನಿಮುದ್ರಣಕ್ಕೂ ಇರುವ ಗುರುತಿನ ಸಂಖ್ಯೆ) ಹಾಕಿ ಸ್ಟ್ರೀಮಿಂಗ್‌ಗೆ ಕಳಿಸುವುದು, ರಾಯಲ್ಟಿ (ಹಾಡಿನ ಬಳಕೆಗೆ ಸಲ್ಲುವ ಹಣ) ಸಂಗ್ರಹಿಸುವ ಸಂಸ್ಥೆಯಲ್ಲಿ ಹಾಡು ನೋಂದಾಯಿಸುವುದು, ಯಾವ ಕೆಲಸ ಒಪ್ಪಲಿ ಯಾವುದನ್ನು ಬಿಡಲಿ ಎಂದು ತಲೆಕೆಡಿಸಿಕೊಳ್ಳುವುದು. ತಿಂಗಳ ಕೊನೆಗೆ ಪ್ರತಿ ಸಾಲಿನ ಮುಂದೆ ಒಂದು ಅಕ್ಷರ ಬರೆಯಿರಿ. ಹೇಳಿಕೊಟ್ಟರೆ ಯಾರು ಬೇಕಾದರೂ ಮಾಡಬಹುದಾದದ್ದು ‘ಸ’, ಅಂದರೆ ಸಹಾಯಕ. ಲೆಕ್ಕಿಗ, ವಕೀಲ, ಬುಕಿಂಗ್ ಏಜೆಂಟ್ ತರಹದ ಪರಿಣತರದ್ದು ‘ಪ’. ಯಾರ ಪರಿಚಯ ಯಾರಿಗಿದೆ, ಯಾವುದಕ್ಕೆ ಬೇಡ ಎನ್ನಬೇಕು, ಮುಂದಿನ ಎರಡು ವರ್ಷ ಯಾವ ಕಡೆ ಹೋಗಬೇಕು ಎಂಬ ವಿವೇಚನೆಯದ್ದು ‘ಮ’.

ಮ್ಯಾನೇಜರ್‌ಗೆ ಕೊಡಬೇಕಾದದ್ದು ಈ ‘ಮ’ ಮಾತ್ರ. ಪುಟದ ತುಂಬ ‘ಸ’ ಇದ್ದರೆ ವಾರಕ್ಕೆ ಎಂಟು ಹತ್ತು ಗಂಟೆ ಕೆಲಸ ಮಾಡಿಕೊಡುವ ಸಹಾಯಕರನ್ನು ಗಂಟೆ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಆ ಖರ್ಚು ನಿಗದಿಯಾದದ್ದು, ಗಳಿಕೆ ಏರಿದರೂ ಅದು ಏರುವುದಿಲ್ಲ, ಬೇಡವಾದ ತಿಂಗಳು ನಿಲ್ಲಿಸಬಹುದು. ಕಮಿಷನ್ ಹಾಗಲ್ಲ. ಅದು ನಿಮ್ಮ ಜೊತೆಗೇ ಬೆಳೆಯುತ್ತದೆ, ಮುಂದೆ ನೋಡುವ ಹಾಗೆ ನೀವು ಬೇರೆಯಾದ ಮೇಲೂ ಕೆಲಕಾಲ ಬದುಕಿರುತ್ತದೆ. ಇಮೇಲ್‌ಗೆ ಉತ್ತರ ಬರೆಯಲು ಬೇಜಾರು ಎಂಬ ಒಂದೇ ಕಾರಣಕ್ಕೆ ಗಳಿಕೆಯ ಐದನೇ ಒಂದು ಪಾಲು ಬರೆದುಕೊಡುವುದು ಸೊಳ್ಳೆಗೆ ಹೆದರಿ ಮನೆ ಮಾರಿದ ಹಾಗೆ.

ಇನ್ನೊಂದು ಕಾರಣ ಇದಕ್ಕಿಂತ ಸೂಕ್ಷ್ಮ. ಇಷ್ಟು ವರ್ಷ ದುಡಿದರೂ ಯಾರೂ ಗುರುತಿಸುತ್ತಿಲ್ಲ, ಒಬ್ಬ ಮ್ಯಾನೇಜರ್ ಸಿಕ್ಕರೆ ಬಾಗಿಲು ತೆರೆದೀತು ಎಂಬ ಆಸೆ. ಬೀಟಲ್ಸ್ ತಂಡದ ಉದಾಹರಣೆಯನ್ನು ಈ ಆಸೆಗೆ ಸಾಕ್ಷಿಯಾಗಿ ತರುತ್ತಾರೆ, ಆದರೆ ಅದರ ಕ್ರಮವನ್ನು ಗಮನಿಸುವುದಿಲ್ಲ. ಬ್ರಯಾನ್ ಎಪ್‌ಸ್ಟೀನ್ ಲಿವರ್‌ಪೂಲ್‌ನ ಕ್ಯಾವರ್ನ್ ಕ್ಲಬ್‌ನಲ್ಲಿ ಅವರನ್ನು ಮೊದಲು ನೋಡಿದ್ದು 1961ರ ನವೆಂಬರ್ 9ರಂದು. ಅಷ್ಟರಲ್ಲಿ ಆ ಹುಡುಗರು ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ರಾತ್ರಿಗಟ್ಟಲೆ ನುಡಿಸಿ ಬಂದಿದ್ದರು, ಕ್ಯಾವರ್ನ್‌ನಲ್ಲಿ ಅವರಿಗೆಂದೇ ಜನ ಸೇರುತ್ತಿದ್ದರು. ಎಪ್‌ಸ್ಟೀನ್‌ಗೆ ಮ್ಯಾನೇಜರ್ ಕೆಲಸದ ಅನುಭವ ಚೂರೂ ಇರಲಿಲ್ಲ. ಇದ್ದದ್ದು ದೊಡ್ಡದೊಂದು ರೆಕಾರ್ಡ್ ಅಂಗಡಿ. ರೆಕಾರ್ಡ್ ಕಂಪನಿಗಳು ಅವರ ಫೋನಿಗೆ ಉತ್ತರಿಸಲೇಬೇಕಿತ್ತು, ಏಕೆಂದರೆ ಅವರು ಗಿರಾಕಿ. ಇಷ್ಟಾದರೂ 1962ರ ಜನವರಿ 1ರ ಡೆಕ್ಕಾ ರೆಕಾರ್ಡ್ ಕಂಪನಿಯ ಪರೀಕ್ಷೆಯಲ್ಲಿ ತಂಡ ತಿರಸ್ಕಾರ ಕಂಡಿತು. ಮ್ಯಾನೇಜರ್ ಎಂದರೆ ಗುಣಕ. ಗುಣಿಸಲು ಮೊದಲೇ ಒಂದು ಸಂಖ್ಯೆ ಇರಬೇಕು; ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ.

ಹಾಗಾದರೆ ಆ ಸಂಖ್ಯೆ ಬಂದಿದೆ ಎಂದು ತಿಳಿಯುವುದು ಹೇಗೆ? ಲಕ್ಷಣಗಳು ತೀರಾ ಸಾದಾ. ನೀವು ಕೇಳಿಕೊಂಡು ಹೋಗುವುದಕ್ಕಿಂತ ನಿಮ್ಮನ್ನು ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ. ಒಂದೇ ವಾರ ಒಬ್ಬರು ಕಾರ್ಯಕ್ರಮಕ್ಕೆ ಕರೆಯುತ್ತಾರೆ, ಇನ್ನೊಬ್ಬರು ಹಾಡನ್ನು ಜಾಹೀರಾತಿಗೆ ಕೇಳುತ್ತಾರೆ, ಮೂರನೆಯವರು ಲೇಬಲ್ (ರೆಕಾರ್ಡ್ ಕಂಪನಿ) ಒಪ್ಪಂದದ ಕರಡು ಕಳಿಸುತ್ತಾರೆ, ಮತ್ತು ಒಂದಕ್ಕೆ ಹೂಂ ಎಂದರೆ ಇನ್ನೊಂದು ಕೆಡುತ್ತದೆ. ಉತ್ತರ ತಡವಾದದ್ದಕ್ಕೇ ಎರಡು ಮೂರು ಅವಕಾಶ ಕೈತಪ್ಪಿವೆ. ಎಷ್ಟು ಸಂಭಾವನೆ ಕೇಳಬೇಕೆಂದು ತಿಳಿಯದೆ ಕಳೆದ ವರ್ಷದ್ದನ್ನೇ ಹೇಳುತ್ತೀರಿ, ಆಯೋಜಕರು ಮರುಮಾತಿಲ್ಲದೆ ಒಪ್ಪುತ್ತಾರೆ. ಆ ಕೊನೆಯದು ಬಹಳ ಸ್ಪಷ್ಟ ಸೂಚನೆ: ಚೌಕಾಸಿ ಇಲ್ಲದೆ ಐದಾರು ಸಲ ಒಪ್ಪಿಗೆ ಸಿಕ್ಕಿದೆಯೆಂದರೆ ನಿಮ್ಮ ಬೆಲೆ ಏರಿದೆ, ನೀವೇ ಏರಿಸಿಲ್ಲ.

ಇವೆಲ್ಲ ಇದ್ದೂ ಮ್ಯಾನೇಜರ್ ಬೇಡ ಎನ್ನುವ ಹಕ್ಕು ನಿಮಗಿದೆ ಎಂಬುದನ್ನೂ ಮರೆಯಬಾರದು. ವಾಷಿಂಗ್ಟನ್ನಿನ ಫುಗಾಜಿ ಎಂಬ ರಾಕ್ ತಂಡ ವರ್ಷಗಟ್ಟಲೆ ತನ್ನ ಕೆಲಸವನ್ನು ತಾನೇ ನೋಡಿಕೊಂಡಿತು, ಟಿಕೆಟ್ ದರವನ್ನು 5 ಡಾಲರ್‌ನ ಆಸುಪಾಸಿನಲ್ಲೇ ಇಡಲು ಹಟ ಹಿಡಿಯಿತು. ಅಂಥ ದರ ಇಟ್ಟುಕೊಂಡು ನಡುವೆ ಇನ್ನೊಬ್ಬರಿಗೆ ಪಾಲು ಕೊಡಲಾಗುವುದಿಲ್ಲ. ಏನು ಬೇಕು ಎಂಬುದು ಅವರಿಗೆ ಮೊದಲೇ ಗೊತ್ತಿತ್ತು, ಏರ್ಪಾಡು ಅದಕ್ಕೆ ತಕ್ಕಂತೆ ಇತ್ತು. ಆದರೆ ಆ ದಾರಿಗೆ ತಂಡದಲ್ಲಿ ಒಬ್ಬರಾದರೂ ಲೆಕ್ಕ, ದಿನಾಂಕ, ಫೋನುಗಳನ್ನು ಪ್ರೀತಿಯಿಂದ ಮಾಡುವವರಿರಬೇಕು. ಅವರಿಗೆ ಅದರ ಕೂಲಿಯನ್ನೂ ಕೊಡಬೇಕು. ಬಿಟ್ಟಿ ಮಾಡಿಸಿಕೊಂಡರೆ ಎರಡನೇ ವರ್ಷಕ್ಕೆ ಅದೇ ಜಗಳವಾಗುತ್ತದೆ.

ಯಾರ ಕೆಲಸ ಯಾರದ್ದು ಎಂಬ ಗೊಂದಲದ ಬಗ್ಗೆ ಒಂದೆರಡು ಮಾತು. ಕಾರ್ಯಕ್ರಮ ಗೊತ್ತುಮಾಡುವವರು ಬುಕಿಂಗ್ ಏಜೆಂಟ್. ವಾಡಿಕೆಯ ದರ ತಾವು ತಂದ ಕಾರ್ಯಕ್ರಮದ ಸಂಭಾವನೆಯ ಶೇ. 10. ಹಣದ ಲೆಕ್ಕ, ತೆರಿಗೆ ನೋಡುವವರು ಬೇರೆ. ದೊಡ್ಡ ಕಲಾವಿದರಿಗೆ ಅದೂ ಶೇ. 5ರ ಆಸುಪಾಸು. ಮ್ಯಾನೇಜರ್ ಇವರೆಲ್ಲರನ್ನೂ ಹೊಂದಿಸಿ ನಡೆಸುವವರು. ಕ್ಯಾಲಿಫೋರ್ನಿಯಾದಲ್ಲಿ ಈ ಗೆರೆ ಕಾನೂನಿನದೇ. ಏಜೆಂಟ್ ಪರವಾನಗಿ ಇಲ್ಲದವರು ಅಲ್ಲಿ ಕಲಾವಿದರಿಗೆ ಕೆಲಸ ಹಿಡಿದುಕೊಡುವಂತಿಲ್ಲ, ರೆಕಾರ್ಡಿಂಗ್ ಒಪ್ಪಂದಕ್ಕೆ ಮಾತ್ರ ವಿನಾಯಿತಿ. ಗೆರೆ ದಾಟಿದ ಮ್ಯಾನೇಜರುಗಳು ಕಮಿಷನ್ ಕಳೆದುಕೊಂಡದ್ದಿದೆ. ಬೇರೆ ಕಡೆ ಸಣ್ಣ ಮಟ್ಟದಲ್ಲಿ ಒಬ್ಬರೇ ಎರಡೂ ಮಾಡುತ್ತಾರೆ, ತಪ್ಪೇನಿಲ್ಲ. ಆದರೆ ಹಾಗಿದ್ದಾಗ 20 ಮತ್ತು 10 ಕೂಡಿಸಿ 30 ತೆಗೆದುಕೊಳ್ಳುವಂತಿಲ್ಲ ಎಂದು ಕಾಗದದಲ್ಲಿ ಬರೆದಿರಬೇಕು.

ಯಾವುದರ ಶೇ. 20?

ಮಾತುಕತೆಯಲ್ಲಿ ಎಲ್ಲರೂ ಗುದ್ದಾಡುವುದು 15 ಆಗಲಿ 20 ಆಗಲಿ ಎಂಬುದಕ್ಕೆ. ನಿಜವಾಗಿ ಗುದ್ದಾಡಬೇಕಾದದ್ದು ಯಾವುದರ ಮೇಲೆ ಎಂಬುದಕ್ಕೆ. ಒಟ್ಟು ಸಂಭಾವನೆಯ ಮೇಲೋ, ಖರ್ಚು ಕಳೆದು ಉಳಿದದ್ದರ ಮೇಲೋ?

ಒಂದು ಪ್ರವಾಸ ಹಿಡಿಯಿರಿ. ಹತ್ತು ಕಾರ್ಯಕ್ರಮ, ತಲಾ 1,000. ಒಟ್ಟು 10,000. ನಾಣ್ಯ ಯಾವುದಾದರೂ ಇರಲಿ, ಲೆಕ್ಕ ಒಂದೇ. ನಾಲ್ವರು ಪಕ್ಕವಾದ್ಯದವರಿಗೆ ದಿನಕ್ಕೆ 60ರಂತೆ 2,400. ಪ್ರಯಾಣ 2,500. ಊಟ ವಸತಿ 1,200. ಸೌಂಡ್ ಎಂಜಿನಿಯರ್ ಮತ್ತು ಬಾಡಿಗೆ ಸಲಕರಣೆ 1,000. ಬುಕಿಂಗ್ ಏಜೆಂಟ್‌ಗೆ 1,000. ಖರ್ಚು ಒಟ್ಟು 8,100, ಉಳಿದದ್ದು 1,900.

ಒಟ್ಟು ಮೊತ್ತದ ಮೇಲೆ ಶೇ. 20 ಎಂದು ಒಪ್ಪಿದ್ದರೆ ಮ್ಯಾನೇಜರ್‌ಗೆ 2,000. ಕಲಾವಿದರು ಹತ್ತು ರಾತ್ರಿ ವೇದಿಕೆ ಹತ್ತಿ ಇಳಿದು ಮನೆಗೆ ಬರುವಾಗ ತಾವೇ 100 ಕೈಯಿಂದ ಹಾಕಿರುತ್ತಾರೆ. ಉಳಿಕೆಯ ಮೇಲೆ ಎಂದಿದ್ದರೆ ಮ್ಯಾನೇಜರ್‌ಗೆ 380, ಕಲಾವಿದರಿಗೆ 1,520. ಇಲ್ಲಿ ಮ್ಯಾನೇಜರ್‌ನ ಕಷ್ಟವೂ ನಿಜ: ಖರ್ಚು ನಿಮ್ಮ ಕೈಯಲ್ಲಿದೆ, ನೀವು ದೊಡ್ಡ ಹೋಟೆಲಿನಲ್ಲಿ ಉಳಿದುಕೊಂಡರೆ ಅವರ ಪಾಲು ಕರಗುತ್ತದೆ. ಅದಕ್ಕೆ ರೂಢಿಯಲ್ಲಿರುವ ನಡುದಾರಿ, ಕೆಲವು ಖರ್ಚುಗಳನ್ನು ಮೊದಲೇ ಹೆಸರಿಸಿ ಒಟ್ಟಿನಿಂದ ಕಳೆಯುವುದು. ಮೇಲಿನ ಪ್ರವಾಸದಲ್ಲಿ ಏಜೆಂಟ್, ಸೌಂಡ್, ಪಕ್ಕವಾದ್ಯ ಈ ಮೂರನ್ನು ಕಳೆದರೆ 5,600, ಅದರ ಶೇ. 20 ಎಂದರೆ 1,120. ಕಲಾವಿದರಿಗೆ 780 ಉಳಿಯುತ್ತದೆ. ಇದೂ ನೋಡಲು ಚೆಂದವಿಲ್ಲ. ಆದ್ದರಿಂದ ಇನ್ನೊಂದು ಸಾಲು ಸೇರಿಸಿ: ಯಾವ ಪ್ರವಾಸದಲ್ಲೂ ಮ್ಯಾನೇಜರ್ ಪಾಲು ಕಲಾವಿದರಿಗೆ ಉಳಿಯುವ ಪಾಲಿಗಿಂತ ಹೆಚ್ಚಾಗತಕ್ಕದ್ದಲ್ಲ. ಈ ಒಂದು ಸಾಲಿದ್ದರೆ ಯಾವ ಪದ್ಧತಿಯಲ್ಲಿ ಲೆಕ್ಕ ಹಾಕಿದರೂ 1,900 ಇಬ್ಬರಿಗೂ ತಲಾ 950ರ ಆಚೆ ಮ್ಯಾನೇಜರ್ ಕಡೆಗೆ ವಾಲುವುದಿಲ್ಲ. ಸಹಿ ಹಾಕುವ ಮೊದಲು ನಿಮ್ಮ ಹಿಂದಿನ ವರ್ಷದ ನಿಜವಾದ ಪ್ರವಾಸವೊಂದರ ಚೀಟಿಗಳನ್ನು ಮುಂದಿಟ್ಟು, ಕರಡಿನಲ್ಲಿರುವ ಸೂತ್ರದಂತೆ ಲೆಕ್ಕ ಹಾಕಿ ನೋಡಿ. ವಕೀಲರ ಭಾಷೆಯಲ್ಲಿ ಕಾಣದ ಹುಳುಕು ಚೀಟಿಯಲ್ಲಿ ಕಾಣುತ್ತದೆ.

ತಂಡಗಳಿಗೆ ಇನ್ನೂ ಒಂದು ತಿರುವು. ನಾಲ್ವರ ತಂಡದಲ್ಲಿ ಮ್ಯಾನೇಜರ್ ಶೇ. 20 ತೆಗೆದರೆ ಉಳಿದ 80ರಲ್ಲಿ ತಲಾ 20, ಎಲ್ಲರೂ ಸಮ. ಒಟ್ಟು ಮೊತ್ತದ ಮೇಲೆ ತೆಗೆದರೆ ಖರ್ಚೆಲ್ಲ ಆ ನಾಲ್ವರದ್ದೇ, ಹಾಗಾಗಿ ತಂಡದಲ್ಲಿ ಅತಿ ಹೆಚ್ಚು ಗಳಿಸುವವರು ವಾದ್ಯ ಮುಟ್ಟದವರಾಗುತ್ತಾರೆ.

ಯಾವ ಹಣಕ್ಕೆ ಕಮಿಷನ್ ತಾಗಬಾರದು ಎಂಬ ಪಟ್ಟಿಯೂ ಇರಬೇಕು. ಧ್ವನಿಮುದ್ರಣಕ್ಕೆಂದು ಲೇಬಲ್ ಕೊಟ್ಟ ಹಣ ಸ್ಟುಡಿಯೋಗೆ ಹೋಗುತ್ತದೆ, ನಿಮ್ಮ ಜೇಬಿಗಲ್ಲ. ವಿಡಿಯೋ ಖರ್ಚು, ಧ್ವನಿಮುದ್ರಣದ ನಿರ್ಮಾಪಕರ ರಾಯಲ್ಟಿ, ಪ್ರವಾಸಕ್ಕೆ ಲೇಬಲ್ ಕೊಡುವ ನೆರವು, ನಿಮಗಿಂತ ಮೊದಲು ವೇದಿಕೆಯಲ್ಲಿ ನುಡಿಸುವ ತಂಡಕ್ಕೆ ದಾಟಿಸುವ ಸಂಭಾವನೆ ಇವೂ ಅಷ್ಟೇ. ಪಾಠದಿಂದ ಬರುವ ಹಣ, ಹಗಲಿನ ನೌಕರಿಯ ಸಂಬಳ, ಮ್ಯಾನೇಜರ್ ಬರುವ ಮೊದಲೇ ಬಿಡುಗಡೆಯಾದ ಹಾಡುಗಳ ರಾಯಲ್ಟಿ, ಮೊದಲೇ ಗೊತ್ತಾಗಿದ್ದ ಕಾರ್ಯಕ್ರಮಗಳು ಇವನ್ನು ಹೆಸರಿಸಿ ಹೊರಗಿಡಿ. ‘ಮನರಂಜನಾ ಕ್ಷೇತ್ರದಿಂದ ಬರುವ ಎಲ್ಲ ವರಮಾನ’ ಎಂದು ಕರಡಿನಲ್ಲಿದ್ದರೆ ಅದಕ್ಕೆ ನಿಮ್ಮ ಪಾಠದ ಮನೆಯೂ ಸೇರುತ್ತದೆ ಎಂದೇ ತಿಳಿಯಿರಿ.

ಶೇಕಡಾವಾರನ್ನು ಹಂತ ಹಂತವಾಗಿಯೂ ಇಡಬಹುದು. 1962ರ ಅಕ್ಟೋಬರಿನಲ್ಲಿ ಬೀಟಲ್ಸ್ ಮತ್ತು ಎಪ್‌ಸ್ಟೀನ್ ನಡುವೆ ಆದ ಕರಾರಿನಲ್ಲಿ ಗಳಿಕೆ ಏರಿದಂತೆ 15, 20, 25 ಎಂದು ಮೂರು ಮೆಟ್ಟಿಲುಗಳಿದ್ದವು. ಸಣ್ಣ ಗಳಿಕೆಗೆ ಕಡಿಮೆ ಕೊಡುವ ಈ ಕ್ರಮ ಇವತ್ತಿಗೂ ಸಮಂಜಸ, ಆದರೆ 25 ಇವತ್ತಿಗೆ ಹೆಚ್ಚಾಯಿತು.

ಬಿಟ್ಟು ಹೋಗುವಾಗಿನ ಮಾತು

ಕರಾರಿನಲ್ಲಿ ಸೇರುವ ಭಾಗವನ್ನು ಎಲ್ಲರೂ ಓದುತ್ತಾರೆ. ಬಿಡುವ ಭಾಗದಲ್ಲಿ ಹಣ ಇರುತ್ತದೆ.

ಅವಧಿ ಮುಗಿದ ಮರುದಿನ ಮ್ಯಾನೇಜರ್‌ಗೆ ಏನೂ ಇಲ್ಲ ಎಂದರೆ ಅದು ಅನ್ಯಾಯ. ಅವರು ಎರಡು ವರ್ಷ ಓಡಾಡಿ ಕುದುರಿಸಿದ ಲೇಬಲ್ ಒಪ್ಪಂದದ ಹಣ ಮೂರನೇ ವರ್ಷದಿಂದ ಬರುತ್ತದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವ ಕಲಾವಿದರನ್ನು ಅವರು ಸಾಕಷ್ಟು ನೋಡಿರುತ್ತಾರೆ. ಹಾಗೆಂದು ಜೀವನಪರ್ಯಂತ ಕೊಡುತ್ತಲೇ ಇರುವುದೂ ಸಾಧ್ಯವಿಲ್ಲ. ಅದಕ್ಕಾಗಿ ಹುಟ್ಟಿದ್ದು ಸನ್‌ಸೆಟ್ ಷರತ್ತು: ಸೂರ್ಯ ಮುಳುಗುವ ಹಾಗೆ ಕಮಿಷನ್ ಮೆಲ್ಲಗೆ ಇಳಿಯುತ್ತದೆ. ಮೊದಲ ವರ್ಷ ಪೂರ್ತಿ 20, ಎರಡನೇ ವರ್ಷ 10, ಮೂರನೇ ವರ್ಷ 5, ಆಮೇಲೆ ಸೊನ್ನೆ. ಇದೊಂದು ಒಪ್ಪಬಹುದಾದ ಮಾದರಿ, ಇನ್ನೂ ಚಿಕ್ಕದಾಗಿಯೂ ಮಾಡಬಹುದು.

ಜಗಳ ಹುಟ್ಟುವುದು ಸಂಖ್ಯೆಯಲ್ಲಿ ಅಲ್ಲ, ಒಂದು ಪದದಲ್ಲಿ. ಮ್ಯಾನೇಜರ್ ಇದ್ದಾಗ ಮಾಡಿಕೊಂಡ ಲೇಬಲ್ ಒಪ್ಪಂದ ಐದು ಆಲ್ಬಮ್‌ಗಳದ್ದು, ಅವರು ಹೋಗುವಾಗ ಬಂದಿದ್ದವು ಎರಡೇ ಎನ್ನಿ. ಉಳಿದ ಮೂರನ್ನು ನೀವು ಹೊಸ ಮ್ಯಾನೇಜರ್ ಜೊತೆ ಮಾಡುತ್ತೀರಿ. ‘ಅವಧಿಯಲ್ಲಿ ಆದ ಒಪ್ಪಂದಗಳ ಮೇಲೆ’ ಎಂದು ಬರೆದಿದ್ದರೆ ಹಳಬರಿಗೆ ಐದರ ಮೇಲೂ ಹಕ್ಕು. ‘ಅವಧಿಯಲ್ಲಿ ಧ್ವನಿಮುದ್ರಿಸಿ ಬಿಡುಗಡೆಯಾದ ಕೃತಿಗಳ ಮೇಲೆ’ ಎಂದಿದ್ದರೆ ಎರಡರ ಮೇಲೆ ಮಾತ್ರ. ಈ ಎರಡು ವಾಕ್ಯಗಳ ನಡುವೆ ಎಷ್ಟು ಹಣ ಇರಬಹುದು ಎಂಬುದಕ್ಕೆ ಮತ್ತೆ ಬೀಟಲ್ಸ್ ಕಡೆ ನೋಡಬೇಕು. 1967ರ ಜನವರಿಯಲ್ಲಿ ರೆಕಾರ್ಡ್ ಕಂಪನಿ ಇಎಂಐ ಜೊತೆ ಆದ ಒಂಬತ್ತು ವರ್ಷಗಳ ಒಪ್ಪಂದದ ಪ್ರಕಾರ ಎಪ್‌ಸ್ಟೀನ್ ಅವರ ಕಂಪನಿ ಆ ಒಂಬತ್ತೂ ವರ್ಷ ಶೇ. 25 ಪಡೆಯುವ ಏರ್ಪಾಡಾಯಿತು. ಅವರ ಮ್ಯಾನೇಜರ್ ಕರಾರು ಅದೇ ವರ್ಷ ಮುಗಿಯಲಿತ್ತು, ಅದು ಮುಂದುವರಿಯದಿದ್ದರೂ ಪಾಲು ಮಾತ್ರ ನಿಲ್ಲುತ್ತಿರಲಿಲ್ಲ. ಆಗಸ್ಟ್ 27ರಂದು ಎಪ್‌ಸ್ಟೀನ್ ತೀರಿಕೊಂಡರು, ವಯಸ್ಸು 32. ವ್ಯಕ್ತಿ ಇಲ್ಲವಾದರೂ ಕಂಪನಿಯ ಹಕ್ಕು ಉಳಿದಿತ್ತು.

ಆ ಪ್ರಸಂಗದಿಂದ ಇನ್ನೊಂದು ಷರತ್ತೂ ಅರ್ಥವಾಗುತ್ತದೆ. ನೀವು ನಂಬಿದ್ದು ಒಬ್ಬ ಮನುಷ್ಯನನ್ನು, ಸಹಿ ಹಾಕುವುದು ಒಂದು ಸಂಸ್ಥೆಯ ಜೊತೆ. ಆ ಮನುಷ್ಯ ಕಂಪನಿ ಬಿಟ್ಟರೆ, ತೀರಿಕೊಂಡರೆ, ಇಂತಿಷ್ಟು ದಿನ ನಿಮ್ಮ ಕೆಲಸ ನೋಡಲಾಗದೆ ಹೋದರೆ ನೀವೂ ಹೊರಬರಬಹುದು ಎಂದು ಅವರ ಹೆಸರು ಹಾಕಿ ಬರೆಸಿಕೊಳ್ಳಿ.

ಹಳಬರ ಜೊತೆಗೆ ಹೊಸಬರಿಗೂ 20 ಕೊಟ್ಟರೆ ಹಳೆಯ ಒಪ್ಪಂದಗಳ ಹಣದಿಂದ ಮೊದಲ ವರ್ಷ 40, ಎರಡನೇ ವರ್ಷ 30 ಹೋಗುತ್ತದೆ, ಅದು ಬಲು ಕಷ್ಟದ್ದು. ಹೊಸ ಮ್ಯಾನೇಜರ್ ಜೊತೆ ಮಾತನಾಡುವಾಗಲೇ ಹಳೆಯ ಕರಾರು ತೋರಿಸಿ, ಎರಡೂ ಸೇರಿ 20 ಮೀರಬಾರದು ಎಂದು ಕೇಳಿ. ವೃತ್ತಿ ಬಲ್ಲವರು ಇದನ್ನು ಅವಮಾನವೆಂದು ತಿಳಿಯುವುದಿಲ್ಲ.

ಅವಧಿಯ ವಿಷಯ ಸರಳ. ಮೊದಲ ಸಲವೇ ಐದು ವರ್ಷ ಬೇಡ. ಆರು ತಿಂಗಳ ಪರೀಕ್ಷಾ ಅವಧಿಗೆ ಒಂದು ಪುಟದ ಪತ್ರ ಸಾಕು: ಈ ಆರು ತಿಂಗಳಲ್ಲಿ ಅವರು ಹೊಸದಾಗಿ ತಂದ ಕೆಲಸಕ್ಕೆ ಮಾತ್ರ ಕಮಿಷನ್, ಬಿಟ್ಟರೆ ಬಾಕಿ ಏನೂ ಇಲ್ಲ. ಸರಿಹೋದರೆ ಒಂದು ವರ್ಷದ ಕರಾರು, ಮುಂದೆ ಎರಡು ಸಲ ಒಂದೊಂದು ವರ್ಷ ಮುಂದುವರಿಸುವ ಅವಕಾಶ. ಆ ಮುಂದುವರಿಕೆ ತಾನಾಗಿ ಆಗದಿರಲಿ. ವರ್ಷದ ಗಳಿಕೆ ಇಷ್ಟು ಮುಟ್ಟಿದರೆ ಮಾತ್ರ ಎಂದು ಒಂದು ಗುರಿ ಇರಲಿ. ಆ ಗುರಿಗೆ ಇಟ್ಟ ಮೊತ್ತ ಮೊದಲ ಪ್ಯಾರಾದ 125ಕ್ಕಿಂತ ಕೆಳಗಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಹಣ ಯಾರ ಖಾತೆಗೆ?

ಇಲ್ಲಿ ಚರ್ಚೆಗೆ ಜಾಗವಿಲ್ಲ. ಕಲಾವಿದರ ಖಾತೆಗೆ. ಇಲ್ಲವೇ ಇಬ್ಬರಿಗೂ ಸೇರದ ಲೆಕ್ಕಿಗರೊಬ್ಬರ ಉಸ್ತುವಾರಿಯ ಖಾತೆಗೆ. ಮ್ಯಾನೇಜರ್ ತಿಂಗಳಿಗೊಮ್ಮೆ ಬಿಲ್ ಕಳಿಸಲಿ, ಲೆಕ್ಕ ನೋಡಿ ಒಂದೆರಡು ವಾರದಲ್ಲಿ ಪಾವತಿಯಾಗಲಿ. ಹಣ ಮೊದಲು ಮ್ಯಾನೇಜರ್ ಕೈಗೆ ಬಂದು ಅವರ ಪಾಲು ಕಳೆದು ನಿಮಗೆ ಬರುವ ಪದ್ಧತಿಯೂ ಇದೆ. ಅದನ್ನು ಒಪ್ಪಲೇಬೇಕಾದ ಸ್ಥಿತಿ ಇದ್ದರೆ ಪ್ರತ್ಯೇಕ ಖಾತೆ, 30 ದಿನದೊಳಗೆ ಲೆಕ್ಕಪತ್ರ, ವರ್ಷಕ್ಕೊಮ್ಮೆ ನಿಮ್ಮ ಲೆಕ್ಕಿಗರಿಂದ ಪರಿಶೋಧನೆಯ ಹಕ್ಕು ಈ ಮೂರನ್ನು ಬಿಡಬೇಡಿ.

ಅಮೆರಿಕದ ಗಾಯಕ ಬಿಲಿ ಜೋಯೆಲ್ 1989ರಲ್ಲಿ ತಮ್ಮ ಹಿಂದಿನ ಮ್ಯಾನೇಜರ್ ವಿರುದ್ಧ 9 ಕೋಟಿ ಡಾಲರ್ ದಾವೆ ಹೂಡಿದರು. ಆ ಮ್ಯಾನೇಜರ್ ಜೋಯೆಲ್ ಅವರ ಮೊದಲ ಹೆಂಡತಿಯ ಸಹೋದರ. ಕೆನಡಾದ ಗಾಯಕ ಲೆನರ್ಡ್ ಕೋಹೆನ್ ಅವರ ನಿವೃತ್ತಿಯ ಉಳಿತಾಯ ಕರಗಿದ್ದು ವರ್ಷಗಳ ಕಾಲ ನಂಬಿದ್ದ ಮ್ಯಾನೇಜರ್ ಕೈಯಲ್ಲಿ. 2006ರಲ್ಲಿ ನ್ಯಾಯಾಲಯ 90 ಲಕ್ಷ ಡಾಲರ್ ಕೊಡಬೇಕೆಂದು ತೀರ್ಪಿತ್ತಿತು. ತೀರ್ಪು ಬರುವುದು ಒಂದು, ಹಣ ವಸೂಲಾಗುವುದು ಇನ್ನೊಂದು. 2008ರಲ್ಲಿ, ತಮ್ಮ 73ನೇ ವಯಸ್ಸಿನಲ್ಲಿ ಕೋಹೆನ್ ಹದಿನೈದು ವರ್ಷಗಳ ನಂತರ ಮತ್ತೆ ಪ್ರವಾಸ ಹೊರಟರು. ಇವರಿಬ್ಬರೂ ಅಮಾಯಕರೇನಲ್ಲ. ನಂಬಿಕೆ ಇದ್ದದ್ದರಿಂದಲೇ ಲೆಕ್ಕ ಕೇಳಲಿಲ್ಲ. ಅದಕ್ಕೇ ಲೆಕ್ಕ ಕೇಳುವುದು ಅನುಮಾನ ಬಂದ ದಿನ ಶುರುವಾಗುವ ಕೆಲಸವಾಗಬಾರದು, ತಿಂಗಳ ಐದನೇ ತಾರೀಖು ತಾನಾಗಿ ನಡೆಯುವ ಕೆಲಸವಾಗಿರಬೇಕು.

ಸಹಿಯ ಅಧಿಕಾರವೂ ಹಾಗೆಯೇ. ಕರಡುಗಳಲ್ಲಿ ಸಾಮಾನ್ಯವಾಗಿ ಮ್ಯಾನೇಜರ್ ನಿಮ್ಮ ಪರವಾಗಿ ಏನು ಬೇಕಾದರೂ ಸಹಿ ಮಾಡಬಹುದು ಎಂದಿರುತ್ತದೆ. ಅದನ್ನು ಬಿಡಿ ಕಾರ್ಯಕ್ರಮಗಳಿಗೆ, ಒಂದು ಮೊತ್ತದವರೆಗೆ, ದಿನಾಂಕವನ್ನು ನೀವು ಬರಹದಲ್ಲಿ ಒಪ್ಪಿದ ಮೇಲೆ ಎಂದು ಮೊಟಕುಗೊಳಿಸಿ. ಧ್ವನಿಮುದ್ರಣ, ಪ್ರಕಾಶನ (ಹಾಡಿನ ರಚನೆಯ ಹಕ್ಕುಗಳ ವ್ಯವಹಾರ), ಜಾಹೀರಾತು ಒಪ್ಪಂದಗಳಿಗೆ ನಿಮ್ಮ ಸಹಿಯೇ ಬೇಕು. ಖರ್ಚಿಗೂ ಎರಡು ಬೇಲಿ: ಒಂದೇ ಬಾರಿಗೆ ಇಷ್ಟು, ತಿಂಗಳಿಗೆ ಇಷ್ಟು, ದಾಟಿದರೆ ಮೊದಲೇ ಅನುಮತಿ.

ಯಾರನ್ನು ಎಂಬ ಪ್ರಶ್ನೆಗೆ ಸೂತ್ರ ಹೇಳುವುದು ಕಷ್ಟ, ಯಾರು ಬೇಡ ಎಂದು ಹೇಳುವುದು ಸುಲಭ. ಕೆಲಸ ತರುವ ಮೊದಲೇ ಮುಂಗಡ ಶುಲ್ಕ ಕೇಳುವವರು ಬೇಡ. ಸಹಿಗೆ ಅವಸರ ಮಾಡುವವರು, ‘ನಮ್ಮ ವಕೀಲರೇ ನಿಮಗೂ ನೋಡಿಕೊಡುತ್ತಾರೆ’ ಎನ್ನುವವರು ಬೇಡ. ಐರಿಷ್ ಗಾಯಕ ಗಿಲ್ಬರ್ಟ್ ಒ’ಸಲಿವನ್ ಸ್ವತಂತ್ರ ಕಾನೂನು ಸಲಹೆ ಇಲ್ಲದೆ ಮಾಡಿಕೊಂಡಿದ್ದ ಕರಾರುಗಳು ಇಂಗ್ಲೆಂಡಿನ ನ್ಯಾಯಾಲಯದಲ್ಲಿ ರದ್ದಾದವು. 1985ರ ಮೇಲ್ಮನವಿಯ ತೀರ್ಪು ಅದನ್ನು ಎತ್ತಿಹಿಡಿದರೂ, ಮ್ಯಾನೇಜರ್ ಕಡೆಯವರು ಪಟ್ಟ ಶ್ರಮಕ್ಕೆ ತಕ್ಕ ಪ್ರತಿಫಲ ಅವರಿಗೆ ಸಲ್ಲಬೇಕೆಂದಿತು. ನ್ಯಾಯಯುತ ಮಾತು. ಆದರೆ ಕರಾರು ಆದದ್ದು 1970ರ ಸುಮಾರಿಗೆ. ನಡುವೆ ಕಳೆದ ವರ್ಷಗಳಿಗೆ ಹೋಲಿಸಿದರೆ ಆರಂಭದಲ್ಲೇ ಸ್ವಂತ ವಕೀಲರಿಗೆ ಕೊಡುವ ಶುಲ್ಕ ಏನೂ ಅಲ್ಲ.

ಮ್ಯಾನೇಜರ್ ಆಗಿರುವವರೇ ನಿಮ್ಮ ಲೇಬಲ್, ನಿಮ್ಮ ಪ್ರಕಾಶಕರೂ ಆಗಹೊರಟರೆ ಹೆಚ್ಚು ಎಚ್ಚರ ಬೇಕು. ಲೇಬಲ್ ಜೊತೆ ನಿಮ್ಮ ಪರ ಜಗ್ಗಾಡಬೇಕಾದವರೇ ಲೇಬಲ್ ಆಗಿದ್ದರೆ ಜಗ್ಗಾಡುವುದು ಯಾರ ಜೊತೆ? ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1972ರಲ್ಲಿ ತಮ್ಮ ಮ್ಯಾನೇಜರ್ ಮೈಕ್ ಆಪೆಲ್ ಅವರ ಕಂಪನಿಗಳಿಗೆ ಮ್ಯಾನೇಜ್‌ಮೆಂಟ್, ನಿರ್ಮಾಣ, ಪ್ರಕಾಶನ ಮೂರನ್ನೂ ಒಪ್ಪಿಸಿದ್ದರು. 1976ರಲ್ಲಿ ವ್ಯಾಜ್ಯ ಹತ್ತಿತು, 1977ರ ಮೇ ತಿಂಗಳಲ್ಲಿ ರಾಜಿಯಾಯಿತು. ಅಷ್ಟರವರೆಗೆ ತಮಗೆ ಬೇಕಾದ ನಿರ್ಮಾಪಕರ ಜೊತೆ ಸ್ಟುಡಿಯೋಗೆ ಹೋಗುವಂತಿರಲಿಲ್ಲ. 1975ರ ಆಲ್ಬಮ್ ಹೆಸರು ತಂದುಕೊಟ್ಟಿತ್ತು, ಅದರ ಮುಂದಿನದು ಬಂದದ್ದು 1978ರಲ್ಲಿ. ನಿಮ್ಮ ಮ್ಯಾನೇಜರ್‌ಗೆ ಮೂರು ಪಾತ್ರಗಳೂ ಬೇಕೇ ಬೇಕೆಂದರೆ, ತಾವು ಲೇಬಲ್ ಆಗಿ ನಿಮಗೆ ಕೊಡುವ ಹಣದ ಮೇಲೆ ಮ್ಯಾನೇಜರ್ ಕಮಿಷನ್ ತೆಗೆದುಕೊಳ್ಳುವಂತಿಲ್ಲ ಎಂಬ ಷರತ್ತು ಕನಿಷ್ಠ.

ಮೋಸವಿಲ್ಲದೆಯೂ ಮ್ಯಾನೇಜರ್‌ನ ಮಿತಿ ಕಲಾವಿದರ ಮಿತಿಯಾಗುತ್ತದೆ ಎಂಬುದು ಇನ್ನೂ ಕಾಡುವ ಸಂಗತಿ. ಎಲ್ವಿಸ್ ಪ್ರೆಸ್ಲಿ ಅಮೆರಿಕದ ಹೊರಗೆ ಹಾಡಿದ್ದು 1957ರಲ್ಲಿ ಕೆನಡಾದ ಮೂರು ಊರುಗಳಲ್ಲಿ, ಅಷ್ಟೇ. ಮ್ಯಾನೇಜರ್ ಟಾಮ್ ಪಾರ್ಕರ್ ಹುಟ್ಟಿನಿಂದ ಡಚ್ಚರು, ದಾಖಲೆಗಳಿಲ್ಲದೆ ಅಮೆರಿಕಕ್ಕೆ ಬಂದವರು, ಪಾಸ್‌ಪೋರ್ಟ್ ಇರಲಿಲ್ಲ. ಹೊರದೇಶದ ಪ್ರವಾಸಗಳು ತಪ್ಪಿದ್ದಕ್ಕೆ ಇದೇ ಕಾರಣ ಎಂದು ಹಲವರ ಊಹೆ. 1967ರಿಂದ ಪಾರ್ಕರ್ ಪಾಲು ಶೇ. 50. ಬೀಟಲ್ಸ್ ಕಡೆಯಲ್ಲೂ ಎಪ್‌ಸ್ಟೀನ್ ಪ್ರಾಮಾಣಿಕರೇ. ಆದರೆ ತಂಡದ ಹೆಸರು ಹಾಕಿದ ಆಟಿಕೆ, ಬಟ್ಟೆಗಳ ವ್ಯಾಪಾರ ಅವರಿಗೆ ತಿಳಿಯದ ಲೋಕ. ಆ ಪರವಾನಗಿ ನೋಡಿಕೊಂಡ ಸೆಲ್ಟೇಬ್ ಕಂಪನಿಗೆ ಮೊದಲಿಗೆ ಶೇ. 90 ಹೋಯಿತು, ಇವರಿಗೆ 10. ಆಮೇಲೆ ಅನುಪಾತ ತಿದ್ದಿಸಿದರು, ಹೋದದ್ದು ಹೋಯಿತು. ಆದ್ದರಿಂದ ಎದುರಿಗೆ ಕೂತವರನ್ನು ‘ಏನೇನು ಮಾಡಬಲ್ಲಿರಿ’ ಎಂದು ಕೇಳುವುದಕ್ಕಿಂತ ‘ಯಾವುದು ನಿಮಗೆ ಗೊತ್ತಿಲ್ಲ, ಅದನ್ನು ಯಾರಿಂದ ಮಾಡಿಸುತ್ತೀರಿ’ ಎಂದು ಕೇಳಿ. ಎಲ್ಲವೂ ಗೊತ್ತು ಎಂದವರಿಗೆ ಚಹಾ ಕೊಟ್ಟು ಕಳಿಸಿ.

ಹೊಸ ಮ್ಯಾನೇಜರ್, ಸಣ್ಣ ಅನುಭವ, ಬೇರೆ ಕಲಾವಿದರಿಲ್ಲ ಎಂಬುದು ದೋಷವೇನಲ್ಲ. ಅರ್ಧ ದಿನದ ಬದಲು ಮೂರು ದಿನ ಸಿಗುತ್ತದೆ. ದೊಡ್ಡ ಸಂಸ್ಥೆಯಲ್ಲಿ ಹೆಸರಾದವರ ಕೋಣೆಯಲ್ಲಿ ಸಹಿಯಾಗಿ, ಆಮೇಲೆ ಕೆಲಸ ಪೂರ್ತಿ ಹೊಸದಾಗಿ ಸೇರಿದ ಸಹಾಯಕರ ಮೇಜಿಗೆ ಹೋಗುವುದುಂಟು; ಆ ಸಹಾಯಕರನ್ನೇ ಮೊದಲು ಭೇಟಿ ಮಾಡಿಸಿ ಎನ್ನಿ. ಈಗಿರುವ ಮತ್ತು ಬಿಟ್ಟುಹೋದ ಕಲಾವಿದರಲ್ಲಿ ಒಬ್ಬೊಬ್ಬರೊಡನೆ ಮಾತನಾಡಿ. ಬಿಟ್ಟುಹೋದವರನ್ನು ಕೇಳಬೇಕಾದದ್ದು ಒಂದೇ: ಹೊರಟಾಗ ನಿಮ್ಮ ಹಣ ಮತ್ತು ಕಾಗದಪತ್ರ ಎಷ್ಟು ದಿನದಲ್ಲಿ ಕೈಗೆ ಬಂತು?

ಆ ದಿನ ನಿಮಗೂ ಬರಬಹುದು, ಹಾಗಾಗಿ ಅದರ ತಯಾರಿ ಮೊದಲ ವಾರದಲ್ಲೇ ಆಗಲಿ. ವೆಬ್‌ಸೈಟಿನ ಡೊಮೇನ್, ಕಾರ್ಯಕ್ರಮಗಳಿಗೆ ಕೊಡುವ ಇಮೇಲ್ ವಿಳಾಸ, ಸಾಮಾಜಿಕ ಜಾಲತಾಣದ ಪುಟಗಳು, ಸ್ಟ್ರೀಮಿಂಗ್ ಖಾತೆಗಳು, ಹಾಡುಗಳ ಮೂಲ ಕಡತಗಳು, ಕೇಳುಗರ ಇಮೇಲ್ ಪಟ್ಟಿ ಎಲ್ಲವೂ ನಿಮ್ಮ ಹೆಸರಿನಲ್ಲಿರಲಿ. ಮ್ಯಾನೇಜರ್‌ಗೆ ಅವುಗಳಲ್ಲಿ ಕೆಲಸ ಮಾಡುವ ಅನುಮತಿ ಮಾತ್ರ ಕೊಡಿ, ಒಡೆತನ ಬೇಡ. ಎರಡು ಹಂತದ ಲಾಗಿನ್ ಕೋಡ್ ಬರುವ ಫೋನು ನಿಮ್ಮದೇ ಆಗಿರಲಿ. ಕರಾರು ಮುಗಿದ 14 ದಿನದಲ್ಲಿ ನಡೆಯುತ್ತಿರುವ ಮಾತುಕತೆಗಳ ಪಟ್ಟಿ, ಬರಬೇಕಾದ ಬಾಕಿಗಳ ಪಟ್ಟಿ, ಆಯೋಜಕರ ಸಂಪರ್ಕಗಳು ನಿಮಗೆ ತಲುಪಬೇಕೆಂದು ಕೊನೆಯ ಪುಟದಲ್ಲಿ ಬರೆಸಿ, ಅದರ ಕೆಳಗೆ ಸಹಿ ಹಾಕಿ.